ತಿಕ್ಕುವವರು ಯಾರು?

ಹಳೆ ಪಾತ್ರೆಗಳಿಗೆ ಈಗ ಶುಕ್ರದೆಸೆ. ಒಂದು ಕಾಲಕ್ಕೆ ಗುಜರಿಯವನ ತಕ್ಕಡಿಗೆ ಬಿದ್ದ ಕಂಚಿನ ಉರುಳಿ, ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡಿದ್ದ ಕಲ್ಲಿನ ಮರಿಗೆ, ಮಣ್ಣಿನ ಬಿಸಲೆ ಎಲ್ಲವೂ ಅಂಗಡಿಯ ಗಾಜಿನ ಕಪಾಟು ಸೇರಿವೆ. ಮಣಿಪಾಲದ ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಊಟದ ಹೊತ್ತಿಗೆ ಬಾಗಿಲಿಂದ ಬಾಗಿಲಿಗೆ ಸ್ಟೀಲ್ ಡಬ್ಬಗಳ ಓಡಾಟ. ಎದುರುಮನೆಯಿಂದ ಮಟ್ಟುಗುಳ್ಳ ಬದನೆಯ ಬೋಳುಹುಳಿ ಬಂದರೆ ನಮ್ಮಿಂದ ನೀರುದೋಸೆ ಹೋಗುತ್ತದೆ. ಮೀನು ತಿನ್ನುವ ಮನೆಗಾದರೆ ಬಂಗುಡೆ ಪುಳಿಮುಂಚಿ. ಮೊದಲೆಲ್ಲ ಡಬ್ಬ ತೆಗೆದುಕೊಂಡವರು "ಎಂತ ಹಾಕಿದ್ದು?" ಎಂದು ಕೇಳುತ್ತಿದ್ದರು. ಈಗ "ಯಾವುದರಲ್ಲಿ ಮಾಡಿದ್ದು?" ಎನ್ನುತ್ತಾರೆ.

ಕೇಳಬೇಕಾದ ಪ್ರಶ್ನೆಯೇ. ನಾನು ಕಾಪುವಿನ ಕಡಲ ಬದಿಯವಳು. ಪುಳಿಮುಂಚಿಗೆ ಬಿಸಲೆಯೇ ಆಗಬೇಕು. ಹುಣಸೆಹುಳಿ ಮಣ್ಣಿಗೆ ಏನೂ ಮಾಡುವುದಿಲ್ಲ. ಗ್ಯಾಸ್ ಆರಿಸಿದ ಮೇಲೂ ಸಾರು ಕೊತಕೊತ ಅನ್ನುತ್ತಿರುತ್ತದೆ, ಮೀನು ಆ ಬಿಸಿಯಲ್ಲೇ ಹದವಾಗುತ್ತದೆ. ಸೌಟು ಆಡಿಸಿದರೆ ಬಂಗುಡೆ ಪುಡಿಪುಡಿ. ಬಟ್ಟೆಯಲ್ಲಿ ಬಿಸಲೆಯ ಅಂಚು ಹಿಡಿದು ಒಮ್ಮೆ ಈಚೆ, ಒಮ್ಮೆ ಆಚೆ ತಿರುಗಿಸಿದರೆ ಸಾಕು. ಕಬ್ಬಿಣ ಹಾಗಲ್ಲ. 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಗುಳ್ಳವನ್ನು ಕಬ್ಬಿಣದ ಬಾಣಲೆಗೆ ಹಾಕಿ ನೋಡಿ, ಕಪ್ಪಿಟ್ಟು ಹೋಗುತ್ತದೆ. ಕಬ್ಬಿಣ ದೋಸೆ ಕಾವಲಿಗೆ ಸರಿ, ಅದರಲ್ಲಿ ಯಾರೂ ಚಪಾತಿ ಸುಡದಿದ್ದರೆ.

ನನ್ನ ತಕರಾರು ಇರುವುದು ಪಾತ್ರೆಯ ಗುಣಗಾನ ಮಾಡುವವರ ಮೇಲೆ. ಕಾರ್ಕಳದ ಅತ್ತೆ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳಿದ್ದವು ನಿಜ, ಕಲಾಯಿಯವನೂ ಇದ್ದ. ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಸವರಿ, ಹತ್ತಿಯಲ್ಲಿ ಉಜ್ಜಿ ಫಳಫಳ ಮಾಡಿ ಕೊಡುತ್ತಿದ್ದ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು. ತವರ ಕರಗಲು 232 ಡಿಗ್ರಿ ಸಾಕು. ಖಾಲಿ ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟು ಫೋನಿಗೆ ಹೋದರೆ ಕಲಾಯಿಯ ಕಥೆ ಮುಗಿಯಿತು. ಮಾರುವವರು ಇದನ್ನೆಲ್ಲ ಎಲ್ಲಿ ಹೇಳುತ್ತಾರೆ? ಬಿಸಲೆಗೋ ಸಾಬೂನು ಆಗದು, ಮಣ್ಣು ಅದನ್ನು ಕುಡಿದು ಮುಂದಿನ ಸಾರಿಗೆ ಬಿಟ್ಟುಕೊಡುತ್ತದೆ. ಬಿಸಿನೀರು, ತೆಂಗಿನ ನಾರು, ಆಮೇಲೆ ಬಿಸಿಲು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಸರಿಯಾಗಿ ಒಣಗದಿದ್ದರೆ ಬೂಸ್ಟು. "ಮರಿಗೆಯಲ್ಲಿ ಮಾಡಿದ ಸಾರಿನ ರುಚಿಯೇ ಬೇರೆ" ಎಂದು ಚಪ್ಪರಿಸುವ ಗಂಡಸರು ಆ ಕಲ್ಲನ್ನು ಸಿಂಕಿನವರೆಗೆ ಹೊತ್ತದ್ದನ್ನು ನಾನಂತೂ ಕಂಡಿಲ್ಲ.

ಉಡುಪಿ ಕೃಷ್ಣಮಠದ ಪರ್ಯಾಯದಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಅಕ್ಷಯಪಾತ್ರೆಯೂ ಸಟ್ಟುಗವೂ ಒಬ್ಬ ಯತಿಗಳಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ನಮ್ಮ ಮನೆಗಳಲ್ಲಿ ಸಟ್ಟುಗ ಅತ್ತೆಯಿಂದ ಸೊಸೆಗೆ ದಾಟುವುದು ಬಿಟ್ಟರೆ ಬೇರೆ ಪರ್ಯಾಯವಿಲ್ಲ, ಅವಧಿಯೂ ಇಲ್ಲ.

ಹಾಗಾಗಿ ನನ್ನ ಓಟು ಥರ್ಮಲ್ ಕುಕ್ಕರಿಗೆ. ಕುಚ್ಚಲಕ್ಕಿ ಉಣ್ಣುವ ನಮ್ಮ ಕರಾವಳಿಯಲ್ಲಿ ಇದರಷ್ಟು ಹೆಂಗಸರ ಸಮಯ ಉಳಿಸಿದ ಪಾತ್ರೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ಕಿ ಸ್ವಲ್ಪ ಹೊತ್ತು ಕುದಿಸಿ, ಪಾತ್ರೆ ಸಮೇತ ಆ ದಪ್ಪ ಡಬ್ಬದೊಳಗೆ ಇಳಿಸಿ ಮುಚ್ಚಿದರೆ ಆಯಿತು, ಕಾಳು ತನ್ನ ಬಿಸಿಯಲ್ಲೇ ಅರಳುತ್ತದೆ. ವಿಷಲ್ ಎಣಿಸಬೇಕಿಲ್ಲ, ಕೆಲಸಕ್ಕೆ ಹೋಗಿ ಬಂದು ಗಂಜಿ ಬಸಿಯಬಹುದು. ಚೆಂದವಿಲ್ಲದ್ದರಿಂದಲೋ ಏನೋ ಅದರ ಫೋಟೊ ಯಾರೂ ತೆಗೆಯುವುದಿಲ್ಲ, 'ಪಾರಂಪರಿಕ' ಎಂಬ ಚೀಟಿಯನ್ನೂ ಅಂಟಿಸಿಲ್ಲ. ಹಳೆಯ ಮನೆ, ಹಳೆಯ ಬದುಕು ನೋಡಬೇಕೆನಿಸಿದಾಗ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪದ ಹೆರಿಟೇಜ್ ವಿಲೇಜಿಗೆ ಹೋಗಿ ಬರುತ್ತೇನೆ. ಅಲ್ಲಿ ನಾನು ಏನನ್ನೂ ತೊಳೆಯಬೇಕಿಲ್ಲ.

ನಮ್ಮ ಮಹಡಿಗೆ ಹೊಸದಾಗಿ ಬಂದ ಗಂಡ ಹೆಂಡತಿ ಪಾತ್ರೆಗಳ ಬಗ್ಗೆ ಕೇಳಿದರು. ಅವರಲ್ಲಿರುವುದು ಇಂಡಕ್ಷನ್ ಒಲೆ. ಬಿಸಲೆ ಅದರ ಮೇಲೆ ಇಡೀ ದಿನ ಕೂತರೂ ಬಿಸಿಯಾಗದು, ತಳ ಸಮ ಇರುವ ಕಬ್ಬಿಣದ ಕಾವಲಿ ಆದೀತು ಎಂದೆ. ಹುಡುಗನಿಗೆ ಮಾತ್ರ ಉರುಳಿಯ ಮೇಲೇ ಮನಸ್ಸು, ಪಾಯಸಕ್ಕಂತೆ. "ಒಲೆಯ ಮಾತು ಇರಲಿ ಮಾರಾಯ, ತಿಕ್ಕುವುದು ಯಾರು?" ಎಂದು ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. ಸದ್ಯಕ್ಕೆ ಕಾವಲಿ ಸಾಕು ಎಂದ.