ಹಂಚನ್ನು ಇಳಿಸುವ ಮುನ್ನ

ಕೊಲ್ಲೂರಿನಿಂದ ಪಡುವಣಕ್ಕಿಳಿದು ಬೈಂದೂರು, ಮರವಂತೆಗಳ ಕಡಲತಡಿಯನ್ನು ಸೇರಿದರೆ, ಬೆಂಗಳೂರು ಮುಂಬಯಿಗಳಲ್ಲಿ ನೆಲಸಿದವರು ರಜೆಗೆಂದು ಮಾತ್ರ ಬಂದಿಳಿಯುವ ಹಳೆಯ ಮನೆಗಳು ಕಾಣಸಿಗುತ್ತವೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಹಂಚನ್ನಿಳಿಸಿ ಕಾಂಕ್ರೀಟಿನ ತಾರಸಿ ಹಾಕಿಸುವುದೇ ಈಗ ಅವುಗಳ ಜೀರ್ಣೋದ್ಧಾರವೆನಿಸಿದೆ. ವರ್ಷ ವರ್ಷ ಹಂಚು ಕೈಯಾಡಿಸುವ ಕಾಟ ತಪ್ಪಿತೆಂಬುದು ಒಡೆಯರ ವಾದ. ಇದನ್ನು ನಾವು ಒಪ್ಪಲಾರೆವು.

ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಕಾಯುವುದು ಸಿಮೆಂಟಿನ ಕ್ಷಾರಗುಣ. ಅದರಿಂದ ಸರಳಿನ ಮೈಮೇಲೆ ಅತಿ ತೆಳುವಾದ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಂಡು ತುಕ್ಕನ್ನು ತಡೆದಿರುತ್ತದೆ. ಕಡಲಗಾಳಿ ಹೊತ್ತು ತರುವ ಉಪ್ಪಿನ ಕ್ಲೋರೈಡು ನೀರಿನೊಡನೆ ಸೂಕ್ಷ್ಮರಂಧ್ರಗಳಲ್ಲಿ ಇಳಿದು ಈ ಪೊರೆಯನ್ನು ಭೇದಿಸುತ್ತದೆ. ಅಳಿವೆಯ ಉಪ್ಪುಮರಳನ್ನು ತೊಳೆಯದೆ ಬಳಸಿದ್ದರಂತೂ ಶತ್ರು ಮೊದಲ ದಿನವೇ ಒಳಗಿದ್ದಾನೆ! ತುಕ್ಕು ತಾನು ಹುಟ್ಟಿದ ಕಬ್ಬಿಣದ 2ರಿಂದ 6 ಪಟ್ಟು ಜಾಗವನ್ನು ಬೇಡುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದೇ ಹೊರತು ಎಳೆತವನ್ನಲ್ಲ. ಆದ್ದರಿಂದ ಒಳಗಿನಿಂದಲೇ ಬಿರಿದು ಚಕ್ಕೆಯೇಳುತ್ತದೆ. ಸೋರಿಕೆಗೆ ಬೇಸತ್ತು ತಾರಸಿಯ ಮೇಲೆ ತಗಡು ಹೊದಿಸಿದ ಮನೆಗಳು ಈ ಸೀಮೆಯಲ್ಲಿ ಎಷ್ಟಿಲ್ಲ? ಒಂದು ಮನೆಗೆ ಎರಡು ಮಾಡು!

ಹಂಚಾದರೋ ಸುಟ್ಟ ಆವೆಮಣ್ಣು. ತುಕ್ಕು ಹಿಡಿಯಲು ಅದರೊಳಗೆ ಸರಳಿಲ್ಲ. ಬಾಸೆಲ್ ಮಿಶನ್ನಿನ ಕಾರ್ಖಾನೆ 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಈ ಮಾದರಿಯ ಹಂಚುಗಳು ಒಂದಕ್ಕೊಂದು ಕಚ್ಚಿ ಕೂರುವುದರಿಂದ, ಒಡೆದುದೊಂದನ್ನೇ ತೆಗೆದು ಬದಲಿಸಬಹುದು. ಪಕ್ಕಾಸು ರೀಪುಗಳಿಗೆ ಗೆದ್ದಲು ಹಿಡಿಯುವುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಗೆದ್ದಲಿನ ಮಣ್ಣು ಕಣ್ಣಿಗೆ ಬೀಳುತ್ತದೆ. ತಾರಸಿಯೊಳಗಿನ ತುಕ್ಕು ಬಿರುಕು ಮೂಡುವವರೆಗೂ ಕಾಣದು. ವರ್ಷದಲ್ಲಿ ಹತ್ತೇ ದಿನ ಬಾಗಿಲು ತೆರೆಯುವ ಮನೆಗೆ ಈ ಭೇದ ಬಹು ದೊಡ್ಡದು. ಹೊಸತೇನಾದರೂ ಮಾಡಿಸಲೇಬೇಕೆಂದಿದ್ದರೆ, ಮುರಕಲ್ಲಿಗೆ ಮಳೆಯ ಇರಚಲು ತಾಗದಂತೆ ಸೂರನ್ನು ಇನ್ನೆರಡು ಅಡಿ ಮುಂದಕ್ಕೆ ಚಾಚಿಸಲಿ.