ಎಸ್‌ನಿಂದ ಡಿ ತನಕ: ಒಂದು ಪಟ್ಟಿಯ ಜಗಳ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಗ ಗೂಡಲೂರಿನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ. ಮೇಲೆ ಎಸ್, ಅದರ ಕೆಳಗೆ ಎ, ಬಿ, ಸಿ, ಕೊನೆಗೆ ಡಿ. ಪ್ರತಿಯೊಂದರ ಮುಂದೆ ಹತ್ತಾರು ಹೆಸರು. ನನ್ನ ಉಮ್ಮ ಕನ್ನಡಕ ಏರಿಸಿ ನೋಡಿ, ಶಾಲೆಯ ಮಾರ್ಕು ಬಂದಿದೆ ಅಂದುಕೊಂಡು, "ಇಷ್ಟೊಂದು ಡಿ ಯಾರಿಗೆ ಬಂತು?" ಎಂದು ಗಾಬರಿಯಾದರು. ಅದು ಮಾರ್ಕು ಅಲ್ಲ. 'ಸ್ಲೇ ದ ಸ್ಪೈರ್' ಎಂಬ ವಿಡಿಯೋ ಗೇಮಿನ ಕಾರ್ಡುಗಳನ್ನು ಅವನು ಉಪಯೋಗದ ಲೆಕ್ಕದಲ್ಲಿ ಮೇಲಿಂದ ಕೆಳಗೆ ಜೋಡಿಸಿದ್ದ.

ಆ ಗೇಮ್ ನನಗೂ ಗೊತ್ತು. ನಾನು ಗೂಡಲೂರಿಗೂ ಮೈಸೂರಿಗೂ ನಡುವೆ ಪಿಕಪ್ ಓಡಿಸುವವನು. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂಡೀಪುರ, ಮುದುಮಲೈ ಕಾಡಿನ ರಸ್ತೆ ಬಂದ್. ಮೈಸೂರಿನಿಂದ ಹೊರಡುವುದು ಸ್ವಲ್ಪ ತಡವಾದರೂ ಗುಂಡ್ಲುಪೇಟೆ ಕಡೆ ಗಾಡಿಯಲ್ಲೇ ರಾತ್ರಿ ಕಳೆಯಬೇಕು. "ಸುಮ್ಮನೆ ರೀಲ್ಸ್ ನೋಡುವ ಬದಲು ಇದನ್ನು ಆಡಿ" ಎಂದು ಮಗನೇ ನನ್ನ ಫೋನಿಗೆ ಹಾಕಿಕೊಟ್ಟ. ಹಾಗಾಗಿ ಈ ವಿಷಯದಲ್ಲಿ ಅಭಿಪ್ರಾಯ ಹೇಳಲು ನನಗೆ ಸ್ವಲ್ಪ ಹಕ್ಕಿದೆ ಎಂದು ಭಾವಿಸಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇದು ಇಸ್ಪೀಟ್ ಅಲ್ಲ, ಹಣ ಕಟ್ಟಿ ಆಡುವುದೂ ಅಲ್ಲ. ಅಮೆರಿಕದ ಮೆಗಾ ಕ್ರಿಟ್ ಎಂಬ ಪುಟ್ಟ ಸಂಸ್ಥೆ ಮಾಡಿದ್ದು. 2019ರ ಜನವರಿಯಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು, 2021ರಲ್ಲಿ ಆಂಡ್ರಾಯ್ಡ್ ಫೋನಿಗೆ ಬಂತು. ಒಂದು ಗೋಪುರ ಹತ್ತಬೇಕು, ದಾರಿಯಲ್ಲಿ ಬರುವ ಶತ್ರುಗಳನ್ನು ಕಾರ್ಡು ಹಾಕಿ ಸೋಲಿಸಬೇಕು. ಐರನ್‌ಕ್ಲ್ಯಾಡ್ ಎಂಬ ಯೋಧನನ್ನು ಆರಿಸಿಕೊಂಡರೆ ಶುರುವಿಗೆ ಕೈಗೆ ಬರುವುದು 10 ಕಾರ್ಡು: ಐದು ಸ್ಟ್ರೈಕ್, ನಾಲ್ಕು ಡಿಫೆಂಡ್, ಒಂದು ಬ್ಯಾಶ್. ಸ್ಟ್ರೈಕ್ ಹೊಡೆಯಲು, ಡಿಫೆಂಡ್ ತಡೆಯಲು. ಪ್ರತಿ ಸರದಿಗೆ ಐದು ಕಾರ್ಡು ಕೈಗೆ ಬರುತ್ತವೆ, ಖರ್ಚು ಮಾಡಲು ಮೂರು ಶಕ್ತಿ. ಒಂದು ಜಗಳ ಗೆದ್ದರೆ ಮೂರು ಹೊಸ ಕಾರ್ಡು ತೋರಿಸುತ್ತಾರೆ. ಒಂದನ್ನು ತೆಗೆದುಕೊಳ್ಳಬಹುದು, ಬೇಡವೆಂದರೆ ಬಿಡಬಹುದು. ಆಡುತ್ತಾ ಆಡುತ್ತಾ ಕಟ್ಟು ಬೆಳೆಯುತ್ತದೆ.

ಆ ಮೂರರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೇ ಪಟ್ಟಿ ಹುಟ್ಟಿದ್ದು. ಹೊಸಬನಿಗೆ ಪಟ್ಟಿ ಬೇಕು, ನಾನು ಅಲ್ಲಗಳೆಯುವುದಿಲ್ಲ. ನೂರಾರು ಕಾರ್ಡುಗಳ ಮುಂದೆ ಕಂಗಾಲಾಗಿ ಕೂತವನಿಗೆ "ಇದು ಒಳ್ಳೆಯದು, ಇದು ಬೇಡ" ಎಂದು ಯಾರಾದರೂ ಹೇಳಿದರೆ ಧೈರ್ಯ ಬರುತ್ತದೆ. ಆದರೆ ಆ ಪಟ್ಟಿಯನ್ನೇ ಹಿಡಿದುಕೊಂಡು ಆಡಿದವನು ಎರಡನೇ ಹಂತ ದಾಟುವುದು ಕಷ್ಟ. ನಾನೂ ಹಾಗೆಯೇ ಸೋತವನು.

ಲಿಮಿಟ್ ಬ್ರೇಕ್ ಎಂಬ ಕಾರ್ಡು ತೆಗೆದುಕೊಳ್ಳಿ. ಯೋಧನ ಬಲವನ್ನು ಅದು ಇಮ್ಮಡಿ ಮಾಡುತ್ತದೆ. ಮಗನ ಪಟ್ಟಿಯಲ್ಲಿ ಅದಕ್ಕೆ ಎಸ್. ನಾನು ಆಸೆಯಿಂದ ತೆಗೆದುಕೊಂಡೆ. ನನ್ನ ಕಟ್ಟಿನಲ್ಲಿ ಬಲ ಕೊಡುವ ಕಾರ್ಡು ಒಂದೂ ಇರಲಿಲ್ಲ. ಸೊನ್ನೆಯ ಇಮ್ಮಡಿ ಸೊನ್ನೆಯೇ. ಎಸ್ ಕಾರ್ಡು ನನ್ನ ಕೈಯಲ್ಲಿ ಜಾಗ ತಿನ್ನುತ್ತಾ ಕೂತಿತು, ನಾನು ಸತ್ತೆ.

ಡಿಫೆಂಡ್ ಇದಕ್ಕೆ ಉಲ್ಟಾ. ಐದು ಪೆಟ್ಟು ತಡೆಯುವ ಸಾದಾ ಕಾರ್ಡು, ಎಲ್ಲೆಡೆ ನಮ್ಮನ್ನು ಕಾಯುತ್ತದೆ. ಆದರೆ ಮೊದಲ ಹಂತದಲ್ಲೇ ಗ್ರೆಮ್ಲಿನ್ ನಾಬ್ ಎಂಬ ದಾಂಡಿಗ ಸಿಗುತ್ತಾನೆ. ನಾವು ಡಿಫೆಂಡ್‌ನಂಥ ಕಾರ್ಡು ಹಾಕಿದಷ್ಟೂ ಅವನ ಸಿಟ್ಟು ಏರಿ ಬಲ ಹೆಚ್ಚುತ್ತದೆ. ಕಾಯುವ ಕಾರ್ಡೇ ಅಲ್ಲಿ ನಮ್ಮನ್ನು ಕೊಲ್ಲುತ್ತದೆ. ಮೂರನೇ ಹಂತದಲ್ಲಿ ಟೈಮ್ ಈಟರ್ ಎಂಬವನು ಬರುತ್ತಾನೆ. ನಾವು ಹಾಕುವ ಪ್ರತಿ 12ನೇ ಕಾರ್ಡಿಗೆ ನಮ್ಮ ಸರದಿಯನ್ನೇ ಮುಗಿಸಿಬಿಡುತ್ತಾನೆ. ಅಗ್ಗದ ಸಣ್ಣ ಸಣ್ಣ ಕಾರ್ಡುಗಳನ್ನು ಸರಸರ ಹಾಕಿ ಅಲ್ಲಿಯ ತನಕ ಗೆದ್ದವನು ಅವನ ಮುಂದೆ ಒದ್ದಾಡುತ್ತಾನೆ. ಕಾರ್ಡು ಅದೇ, ಎದುರಿಗೆ ನಿಂತವನು ಬೇರೆ.

"ಹಾಗಾದರೆ ಗೆದ್ದವರ ಲೆಕ್ಕ ತೆಗೆದರೆ ಆಯಿತಲ್ಲ, ಯಾವ ಕಾರ್ಡು ಇದ್ದವರು ಹೆಚ್ಚು ಗೆದ್ದರು ಎಂದು ನೋಡಿದರೆ ಗೊತ್ತಾಗುತ್ತದೆ" ಎಂದ ಮಗ. ಒಳ್ಳೆಯ ಮಾತು. ಗೇಮ್ ಮಾಡಿದವರೂ ಆಟಗಾರರು ಯಾವ ಕಾರ್ಡು ಆರಿಸುತ್ತಾರೆ, ಯಾವಾಗ ಗೆಲ್ಲುತ್ತಾರೆ ಎಂಬ ಲೆಕ್ಕವನ್ನು ರಾಶಿ ರಾಶಿ ಸಂಗ್ರಹಿಸಿ, ಅದನ್ನು ನೋಡಿಯೇ ಕಾರ್ಡುಗಳನ್ನು ತಿದ್ದಿದರು. ಆದರೆ ಆ ಲೆಕ್ಕವನ್ನು ಓದುವುದರಲ್ಲಿ ಒಂದು ಹೊಂಡ ಇದೆ. ದುಬಾರಿ ಅಪರೂಪದ ಕಾರ್ಡು ಗೆದ್ದವರ ಕಟ್ಟಿನಲ್ಲಿ ಹೆಚ್ಚು ಕಾಣುತ್ತದೆ. ಆ ಕಾರ್ಡಿನಿಂದ ಅವರು ಗೆದ್ದರೋ, ಅಥವಾ ಆಗಲೇ ಗೆಲ್ಲುವ ದಾರಿಯಲ್ಲಿದ್ದು ಕೈಯಲ್ಲಿ ಚಿನ್ನ ಇದ್ದದ್ದರಿಂದ ಅದನ್ನು ಕೊಂಡರೋ? ಪೇಟೆಯಲ್ಲಿ ದೊಡ್ಡ ಕಾರು ಇರುವವರೆಲ್ಲ ಶ್ರೀಮಂತರು, ಹಾಗಾಗಿ ಕಾರು ಕೊಂಡರೆ ಶ್ರೀಮಂತರಾಗಬಹುದು ಎಂದು ಹೇಳಿದ ಹಾಗಾಗುತ್ತದೆ.

ನಮ್ಮ ನೀಲಗಿರಿಯಲ್ಲೇ ಒಂದು ಉದಾಹರಣೆ ಇದೆ. ಸ್ನೂಕರ್ ಆಟದ ನಿಯಮಗಳನ್ನು 1882ರಲ್ಲಿ ಬರೆದು ಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಈಗ ಆಡುವ ಸ್ನೂಕರ್‌ನಲ್ಲಿ ಕೆಂಪು ಚೆಂಡಿಗೆ 1, ಹಳದಿಗೆ 2, ಹೀಗೆ ಏರುತ್ತಾ ಕಪ್ಪಿಗೆ 7. ಬೆಲೆ ಗಟ್ಟಿ, ವಾದವಿಲ್ಲ. ಆದರೂ ಒಳ್ಳೆಯ ಆಟಗಾರ ಎಷ್ಟೋ ಸಲ ಕಪ್ಪನ್ನು ಬಿಟ್ಟು ನೀಲಿಯನ್ನು ಹೊಡೆಯುತ್ತಾನೆ, ಏಕೆಂದರೆ ಆಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಮುಖ್ಯ. ಬೆಲೆಯನ್ನು ನಿಯಮದಲ್ಲೇ ಬರೆದಿಟ್ಟ ಆಟದಲ್ಲೇ ಹೀಗಾದರೆ, ಬರೆಯದ ಆಟದಲ್ಲಿ ಪಟ್ಟಿಯನ್ನು ಎಷ್ಟು ನಂಬಬೇಕು?

ಇಲ್ಲಿಯ ತನಕ ನಮ್ಮ ಜಗಳ ಖುಷಿಯದ್ದೇ. ಒಂದು ವಾರ ಕಳೆದ ಮೇಲೆ ಫ್ರಿಜ್ಜಿನ ಮೇಲೆ ಎರಡನೇ ಪಟ್ಟಿ ಬಂತು. ಈ ಸಲ ಕಾರ್ಡುಗಳಲ್ಲ, ನಮ್ಮ ಮನೆಯ ಭಾಷೆಗಳು. ಇಂಗ್ಲಿಷ್ ಎಸ್. ತಮಿಳು ಎ. ಮಲಯಾಳಂ ಬಿ. ಕನ್ನಡ ಸಿ. ಬ್ಯಾರಿ ಡಿ.

ನಾನು ಮೊದಲು ಸಿಟ್ಟಾದೆ. ನಮ್ಮ ಭಾಷೆಗೆ 2009ರಲ್ಲೇ ಕರ್ನಾಟಕದಲ್ಲಿ ಸಾಹಿತ್ಯ ಅಕಾಡೆಮಿ ಬಂದಿದೆ ಎಂದೆ. "ಅಕಾಡೆಮಿ ಇದ್ದರೆ ಗೂಡಲೂರಿನಲ್ಲಿ ಯಾರ ಹತ್ತಿರ ಮಾತಾಡಲಿ?" ಎಂದ. ಆಮೇಲೆ ಅವನು ಹೇಳಿದ ಮಾತು ನನ್ನನ್ನು ಚುಚ್ಚಿತು: "ಬ್ಯಾರಿ ಅಂದರೆ ಸ್ಟ್ರೈಕ್. ಶುರುವಿಗೆ ಸುಮ್ಮನೆ ಕೊಟ್ಟದ್ದು. ಗೇಮಿನಲ್ಲಿ ಸ್ಟ್ರೈಕನ್ನು ದುಡ್ಡು ಕೊಟ್ಟು ತೆಗೆಸುತ್ತಾರೆ."

ಅವನು ಹೇಳಿದ್ದು ಗೇಮಿನ ಮಟ್ಟಿಗೆ ನೂರಕ್ಕೆ ನೂರು ಸರಿ. ದಾರಿಯಲ್ಲಿ ಸಿಗುವ ವ್ಯಾಪಾರಿಗೆ 75 ಚಿನ್ನ ಕೊಟ್ಟರೆ ಒಂದು ಕಾರ್ಡನ್ನು ಕಟ್ಟಿನಿಂದ ತೆಗೆದುಹಾಕುತ್ತಾನೆ, ಪ್ರತಿ ಸಲವೂ ದರ 25 ಏರುತ್ತದೆ. ಅನುಭವಿಗಳು ಆ ಚಿನ್ನವನ್ನು ಹೆಚ್ಚಾಗಿ ಸ್ಟ್ರೈಕ್ ತೆಗೆಸಲೇ ಖರ್ಚು ಮಾಡುತ್ತಾರೆ. ನಾನು ಪರ್ಫೆಕ್ಟೆಡ್ ಸ್ಟ್ರೈಕ್ ಎಂಬ ಕಾರ್ಡಿನ ಹಿಂದೆ ಅಡಗಲು ನೋಡಿದೆ. ಹೆಸರಿನಲ್ಲಿ ಸ್ಟ್ರೈಕ್ ಇರುವ ಪ್ರತಿ ಕಾರ್ಡಿಗೂ ಅದು ಎರಡು ಪೆಟ್ಟು ಸೇರಿಸುತ್ತದೆ. ಹಳೆಯ ಐದೂ ಉಳಿದಿದ್ದರೆ 6ರ ಪೆಟ್ಟು 18 ಆಗುತ್ತದೆ. ಮಗ ನಕ್ಕ. "ಅದು ಮೊದಲ ಹಂತಕ್ಕೆ ಸರಿ. ಆಮೇಲೆ ಸಾಲದು" ಎಂದ. ಅದೂ ನಿಜ.

ಉತ್ತರ ಹೊಳೆದದ್ದು ಗುಂಡ್ಲುಪೇಟೆಯಲ್ಲಿ ಗಾಡಿಯೊಳಗೆ ಕೂತಾಗ, ಅದೇ ಗೇಮ್ ಆಡುತ್ತಾ. ಸ್ಟ್ರೈಕ್ ತೆಗೆಸುವುದು ಅದು ಕೆಟ್ಟದ್ದೆಂದಲ್ಲ, ಕೈಗೆ ಐದೇ ಕಾರ್ಡು ಬರುತ್ತದೆಂದು. ಸ್ಟ್ರೈಕ್ ಬಂದ ಜಾಗದಲ್ಲಿ ಒಳ್ಳೆಯದೊಂದು ಬರಬಹುದಿತ್ತು. ಭಾಷೆ ಹಾಗೆ ಜಾಗ ತಿನ್ನುವುದಿಲ್ಲ. ತಮಿಳಿನ ಗಿರಾಕಿ ಎದುರಿಗೆ ನಿಂತಾಗ ನನ್ನ ಬಾಯಿಗೆ ಬ್ಯಾರಿ ಅಡ್ಡ ಬಂದು, ತಮಿಳು ಮುಂದಿನ ಸರದಿಗೆ ಹೋಗುವುದಿಲ್ಲ. ಎಲ್ಲವೂ ಯಾವಾಗಲೂ ಕೈಯಲ್ಲೇ ಇರುತ್ತವೆ. ಅಷ್ಟೇ ಅಲ್ಲ, ಒಂದು ಇನ್ನೊಂದನ್ನು ಎಳೆದು ತರುತ್ತದೆ. ಮಲಯಾಳಂನ ವ ನಮ್ಮ ಬಾಯಲ್ಲಿ ಬ ಆಗುತ್ತದೆ ಎಂಬುದು ತಲೆಗೆ ಹೋದ ಮೇಲೆಯೇ ನನಗೆ ವಯನಾಡಿನ ಗಿರಾಕಿಗಳ ಮಾತು ಸಲೀಸಾದದ್ದು. ಪಟ್ಟಿಯಲ್ಲಿ ಬಿ ಪಡೆದ ಮಲಯಾಳಂ ನನಗೆ ಬಂದದ್ದು ಡಿ ಪಡೆದ ಬ್ಯಾರಿಯ ಹೆಗಲ ಮೇಲೆ.

ಇದನ್ನೆಲ್ಲ ಬಂದು ಹೇಳಿದೆ. ಅವನು ಕೇಳಿಸಿಕೊಂಡ, ಒಪ್ಪಿದ ಎಂದು ಹೇಳಲಾರೆ. ನಾನು ಒಂದೇ ಒಂದು ಕೇಳಿಕೊಂಡೆ: ರ್ಯಾಂಕ್ ಬದಲಿಸುವುದು ಬೇಡ, ಎರಡೂ ಪಟ್ಟಿಗೆ ಪಕ್ಕದಲ್ಲಿ ಒಂದು ಸಾಲು ಸೇರಿಸು, "ಯಾವುದರ ಜೊತೆ, ಯಾರ ಎದುರು" ಎಂದು ಬರಿ.

ಹೇಳಬೇಕಾದ ಇನ್ನೊಂದು ವಿಷಯ ನನ್ನ ತಪ್ಪು. ಉಮ್ಮನಿಗೆ ಸರಾಗವಾಗಿ ಬರುವುದು ಬ್ಯಾರಿ ಒಂದೇ. ಬಂಟ್ವಾಳ ಕಡೆಯಿಂದ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ತಮಿಳು ಅಂಗಡಿಯ ಲೆಕ್ಕಕ್ಕೆ ಮಾತ್ರ. ಮೊಮ್ಮಗ ಅವರಿಗೆ ತಮಿಳಿನಲ್ಲಿ ಉತ್ತರ ಕೊಡುತ್ತಾ ಬಂದ, ನಾನು ತಿದ್ದಲಿಲ್ಲ. ಶಾಲೆಯಲ್ಲಿ ಅವನಿಗೆ ಗೊಂದಲ ಆಗಬಾರದೆಂದು ಮನೆಯಲ್ಲಿ ಬ್ಯಾರಿ ಕಡಿಮೆ ಮಾಡಿದವನು ನಾನೇ. ಉಮ್ಮ ಈಗ ಅವನ ಹತ್ತಿರ "ತಿಂದೆಯಾ, ಮಲಗಿದೆಯಾ" ಎಂದು ಕೇಳುವುದು ಬಿಟ್ಟರೆ ಹೆಚ್ಚು ಮಾತಾಡುವುದಿಲ್ಲ. ಮೊದಲು ಹೇಳುತ್ತಿದ್ದ ಕಥೆಗಳು ನಿಂತಿವೆ. ಅವನು ಪಟ್ಟಿ ಬರೆದದ್ದು ಈಗ, ನಾನು ಮನಸ್ಸಿನಲ್ಲೇ ಬರೆದು ಹತ್ತು ವರ್ಷವಾಗಿತ್ತು.

ನಮ್ಮವರಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಪಟ್ಟಿ ಇದೆ, ಫ್ರಿಜ್ಜಿನ ಮೇಲೆ ಇಲ್ಲ ಅಷ್ಟೇ. ಮಕ್ಕಳು ಪಟ್ಟಿ ಮಾಡಿದರೆ ಬೈಯಬೇಡಿ, ಅದು ಅವರು ಯೋಚಿಸುವ ರೀತಿ. ಅವರ ಜೊತೆ ಕೂತು ಆ ಪಕ್ಕದ ಸಾಲನ್ನು ತುಂಬಿಸಿ.

ಮಗನ ಕಾರ್ಡಿನ ಪಟ್ಟಿಯಲ್ಲಿ ಈಗ ಲಿಮಿಟ್ ಬ್ರೇಕ್ ಎದುರು "ಬಲ ಇದ್ದರೆ ಮಾತ್ರ" ಎಂದಿದೆ, ಡಿಫೆಂಡ್ ಎದುರು "ನಾಬ್ ಬಂದರೆ ಬೇಡ" ಎಂದಿದೆ. ಭಾಷೆಯ ಪಟ್ಟಿಯಲ್ಲಿ ಬ್ಯಾರಿ ಇನ್ನೂ ಡಿ ಯಲ್ಲೇ ಇದೆ. ಅದರ ಪಕ್ಕದಲ್ಲಿ ನನ್ನ ಉಮ್ಮನ ಹೆಸರು ಬರೆದಿದ್ದಾನೆ. ಮೊನ್ನೆ ಅವರಿಗೆ ಆ ಗೇಮ್ ಏನೆಂದು ತನ್ನ ಹರಕುಮುರುಕು ಬ್ಯಾರಿಯಲ್ಲಿ ವಿವರಿಸುತ್ತಿದ್ದ. ಉಮ್ಮನಿಗೆ ಗೇಮ್ ಅರ್ಥವಾಗಲಿಲ್ಲ, ಆದರೆ ಅರ್ಧ ಗಂಟೆ ಕೇಳಿದರು, ನಡುನಡುವೆ ಅವನ ಮಾತು ತಿದ್ದಿದರು.