ರುಖಯಾ ಓಡಿದ ದೇಶದಲ್ಲಿ ನಮ್ಮ ನಿಂಬೆ–ಚಮಚ

ಬಹರೈನ್‌ನಲ್ಲಿ ನಮ್ಮೂರ ಕಡೆಯವರೆಲ್ಲ ಸೇರಿ ನಡೆಸುವ ಆಟೋಟಗಳಲ್ಲಿ ಗಂಡಸರಿಗೆ ಕ್ರಿಕೆಟ್, ಕಬಡ್ಡಿ, ಹಗ್ಗಜಗ್ಗಾಟ. ಹೆಂಗಸರಿಗೆ? ಬಾಯಲ್ಲಿ ಚಮಚ, ಚಮಚದ ಮೇಲೆ ನಿಂಬೆಹಣ್ಣು. ತಪ್ಪಿದರೆ ಸಂಗೀತ ಕುರ್ಚಿ. ಮುಹರ್ರಕ್‌ನಲ್ಲಿ ಸಂಸಾರ ಹೂಡಿರುವ ನನಗೆ ಇದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಹಣ್ಣು ಬೀಳದಂತೆ ನಡೆದವಳಿಗೆ ಬಹುಮಾನ, ಓಡಿದವಳು ಔಟ್!

ಇದೇ ದೇಶದ ರುಖಯಾ ಅಲ್ ಘಸ್ರಾ 2004ರ ಅಥೆನ್ಸ್ ಒಲಿಂಪಿಕ್ಸ್‌ನ 100 ಮೀಟರ್ ಓಟಕ್ಕೆ ತಲೆವಸ್ತ್ರ ಕಟ್ಟಿ, ಮೈಮುಚ್ಚುವ ಉಡುಪು ತೊಟ್ಟು ಇಳಿದರು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 200 ಮೀಟರ್ ಚಿನ್ನ ಗೆದ್ದರು. 2008ರಲ್ಲಿ ಬೀಜಿಂಗ್‌ನಲ್ಲಿ ದೇಶದ ಬಾವುಟ ಹಿಡಿದು ನಡೆದರು. ಆಮೇಲೆ ‘ಉಡುಪಿನದೇ ತೊಂದರೆ’ ಎನ್ನುವ ಮಾತಿಗೆ ಇಲ್ಲಿ ಬೆಲೆ ಉಳಿಯಲಿಲ್ಲ ಎಂದೇ ನನ್ನ ಲೆಕ್ಕ.

ಹಾಗೆಂದು ಪದಕ ಬಂದಾಕ್ಷಣ ಹುಡುಗಿಯರು ಮೈದಾನಕ್ಕೆ ನುಗ್ಗುತ್ತಾರೆ ಎಂದೇನೂ ಅಲ್ಲ. 2016ರಲ್ಲಿ ರೂತ್ ಜೆಬೆಟ್, 2024ರಲ್ಲಿ ವಿನ್‌ಫ್ರೆಡ್ ಯಾವಿ, ಇಬ್ಬರೂ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬಹರೈನ್‌ಗೆ ಒಲಿಂಪಿಕ್ ಚಿನ್ನ ತಂದವರು. ಇಬ್ಬರೂ ಹುಟ್ಟಿದ್ದು ಕೀನ್ಯಾದಲ್ಲಿ. ನಮ್ಮ ಓಣಿಯ ಹುಡುಗರನ್ನು ಯಾವಿ ಯಾರೆಂದು ಕೇಳಿ ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಮುಹರ್ರಕ್ ಕ್ಲಬ್ಬಿನ ಆಟಗಾರರ ಹೆಸರು ಕೇಳಿದರೆ ಪಟಪಟನೆ ಹೇಳುತ್ತಾರೆ. 1928ರಿಂದ ಇರುವ ಕ್ಲಬ್ಬು ಅದು, ಎರಡು ಸಲ ಎಎಫ್‌ಸಿ ಕಪ್ ಗೆದ್ದಿದೆ. ಅದರ ಕೆಂಪು ಅಂಗಿ ತೊಟ್ಟ ಪುಟಾಣಿಗಳು ಸಂಜೆಯಾದರೆ ನಿಲ್ಲಿಸಿದ ಕಾರುಗಳ ನಡುವೆಯೇ ಚೆಂಡು ಒದೆಯುತ್ತಿರುತ್ತಾರೆ. ‘ಅವನು ನಮ್ಮ ಕೇರಿಯವನು’ ಎನ್ನುವಂತಿದ್ದರೆ ಮಕ್ಕಳ ಕಾಲು ತಾನಾಗಿಯೇ ಎದ್ದು ಬರುತ್ತದೆ.

ನಮಗೂ ಅಂಥವರಿಲ್ಲವೆ? ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜೆ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ ಗೆದ್ದಾಗ ಊರಿಗೆ ಊರೇ ಕುಣಿದಿತ್ತು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ನಿಷೇಧವಾಯಿತು. (ಜೆಬೆಟ್ ಕತೆಯೂ ಅದೇ.) ಮಕ್ಕಳಿಗೆ ಅದನ್ನೂ ಮುಚ್ಚಿಡದೆ ಹೇಳಬೇಕು. ಆದರೆ ಮಲೆನಾಡಿನ ಸೆರಗಿನ ಹಳ್ಳಿಯ ಹುಡುಗಿಯೊಬ್ಬಳು ಏಷ್ಯಾಕ್ಕೇ ಮೊದಲಿಗಳಾಗಿ ಓಡಬಲ್ಲಳು ಎಂಬುದನ್ನು ನಾವು ಕಣ್ಣಾರೆ ಕಂಡದ್ದೂ ಅಷ್ಟೇ ನಿಜ.

ಇಲ್ಲಿನ ನಮ್ಮ ಹುಡುಗಿಯರ ಆಟ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಒಂದು ಕಾರಣ ಟ್ಯೂಷನ್ನು. ಇನ್ನೊಂದನ್ನು ಲಿಫ್ಟಿನಲ್ಲೇ ಕೇಳಬಹುದು: ‘ಬಿಸಿಲಿಗೆ ಹೋಗ್ಬೇಡ ಪುಟ್ಟೀ, ಕಪ್ಪಾಗ್ತೀಯ.’ ಜೂನ್, ಜುಲೈಯಲ್ಲಾದರೆ ಒಪ್ಪೋಣ, ಆ ಬಿಸಿಲಿಗೆ ಹುಡುಗರೂ ಹೊರಗೆ ಕಾಲಿಡಲಾರರು. ಡಿಸೆಂಬರಿನ ಸಂಜೆಗೂ ಅದೇ ಮಾತು ಹೇಳಿದರೆ?

ಈ ಚಳಿಗಾಲದ ಆಟೋಟದ ಪಟ್ಟಿಯಲ್ಲಿ ಹೆಂಗಸರಿಗೆ 100 ಮೀಟರ್ ಓಟ ಇರಲಿ. ಚೂಡಿದಾರವೋ ಟ್ರ್ಯಾಕ್ ಪ್ಯಾಂಟೋ, ಅವರವರ ಇಷ್ಟ. ಅಮ್ಮಂದಿರೇ ಮೊದಲು ಓಡಲಿ. ‘ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಹೊಣೆ?’ ಎಂದು ಸಮಿತಿಯವರು ಕೇಳುತ್ತಾರೆ, ಗೊತ್ತು. ಗಂಡಸರ ಕಬಡ್ಡಿಗೆ ಯಾರು ಹೊಣೆಯೋ ಅವರೇ.